ದೋಣಿಯ ಎಂಜಿನ್ ಕೆಟ್ಟರೆ ಸ್ಪ್ಯಾನರ್ ಯಾರ ಕೈಗೆ?

ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯ ವಿದ್ಯಾರ್ಥಿಗಳಿಗೆ ನಾಡದೋಣಿಯ ಹಿಂಬದಿಗೆ ಕಚ್ಚಿಸಿದ ಔಟ್‌ಬೋರ್ಡ್ ಎಂಜಿನ್ನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಳನಾಡಿನವರು ಹೀಗೆ ಊಹಿಸಿಕೊಳ್ಳಿ: ಮೋಟಾರು ಬೈಕಿನಂಥ ಒಂದು ಎಂಜಿನ್, ಅದರ ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಪ್ರೊಪೆಲ್ಲರ್. ಬೈಕು ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಿ ನಡೆದು ಹೋಗಬಹುದು. ಕಡಲಲ್ಲಿ ಎಂಜಿನ್ ನಿಂತರೆ ದೋಣಿ ಗಾಳಿ ಮತ್ತು ನೀರಿನ ಸೆಳೆತ ಒಯ್ದ ಕಡೆಗೆ ಹೋಗುತ್ತದೆ. ಆದ್ದರಿಂದ ಯಾವ ರಿಪೇರಿಯನ್ನು ನಾವೇ ಮಾಡಿಕೊಳ್ಳಬೇಕು, ಯಾವುದನ್ನು ಮೆಕ್ಯಾನಿಕ್ಕಿಗೆ ಬಿಡಬೇಕು ಎಂಬುದು ಬರಿಯ ಹಣದ ಲೆಕ್ಕವಲ್ಲ.

ಮೊದಲು ತಂಪಿನ ವಿಚಾರ. ಬೈಕಿನ ಎಂಜಿನ್ನಿಗೆ ಗಾಳಿ ತಂಪು ಕೊಟ್ಟರೆ ಇದಕ್ಕೆ ಸಮುದ್ರದ ನೀರೇ ತಂಪು. ಕಾಲಿನೊಳಗೆ ರಬ್ಬರಿನ ರೆಕ್ಕೆಗಳಿರುವ ಸಣ್ಣ ಚಕ್ರವೊಂದು ನೀರನ್ನು ಮೇಲಕ್ಕೆತ್ತುತ್ತದೆ. ಎಂಜಿನ್ನಿನ ಹಿಂದಿನಿಂದ ಸಣ್ಣ ಧಾರೆಯೊಂದು ಚಿಮ್ಮುತ್ತಿರುವುದನ್ನು ನೀವು ನೋಡಿರಬಹುದು. ಆ ಧಾರೆ ನಿಂತರೆ ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಎಷ್ಟೋ ಸಲ ಪ್ಲಾಸ್ಟಿಕ್ ಹಾಳೆಯೋ ಮರಳೋ ನೀರಿನ ಕಿಂಡಿಯನ್ನು ಮುಚ್ಚಿರುತ್ತದೆ. ಅದನ್ನು ತೆಗೆಯಲು ಯಾವ ತರಬೇತಿಯೂ ಬೇಡ. ಕಿಂಡಿ ಸ್ವಚ್ಛವಾಗಿದ್ದೂ ಧಾರೆ ಬಾರದಿದ್ದರೆ ರಬ್ಬರ್ ಚಕ್ರ ಸವೆದಿರಬಹುದು. ಒಮ್ಮೆ ಎದುರು ನಿಂತು ನೋಡಿ ಕಲಿತವರು ಅದನ್ನು ದಡದಲ್ಲಿ ತಾವೇ ಬದಲಿಸಬಲ್ಲರು. ದಿನದ ಕೆಲಸ ಮುಗಿದ ಮೇಲೆ ಸಿಹಿನೀರನ್ನು ಹಾಯಿಸಿ ಒಳಗಿನ ಉಪ್ಪನ್ನು ತೊಳೆಯುವುದಂತೂ ಮನೆಯವರದೇ ಕೆಲಸ. ಅದನ್ನು ತಪ್ಪಿಸಿದವರೇ ಮೆಕ್ಯಾನಿಕ್ಕಿನ ಬಾಗಿಲಿಗೆ ಹೆಚ್ಚು ಸಲ ಹೋಗುವವರು.

ಸ್ಪಾರ್ಕ್ ಪ್ಲಗ್ಗೂ ಅಂಥದೇ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಿನ ಪ್ಲಗ್ಗಿಗೆ ಮಸಿ ಬೇಗ ಕಟ್ಟುತ್ತದೆ. ಒಂದೆರಡು ಹೊಸ ಪ್ಲಗ್ಗು, ಅದನ್ನು ಬಿಚ್ಚುವ ಸ್ಪ್ಯಾನರ್ ದೋಣಿಯಲ್ಲೇ ಇರಬೇಕು.

ಈಗ ನಮ್ಮ ಜಾಣತನವೇ ನಮಗೆ ಮುಳುವಾಗುವ ಒಂದು ಸಂಗತಿ. ಸಣ್ಣ ಎಂಜಿನ್‌ಗಳಲ್ಲಿ ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿಡುವುದು ಮೆದು ಲೋಹದ ಒಂದು ಪಿನ್ನು. ಬಂಡೆಗೆ ಬಡಿದರೆ ಅದು ತುಂಡಾಗುತ್ತದೆ. ತುಂಡಾಗಲೆಂದೇ ಅದನ್ನು ಮಾಡಿರುವುದು! ಮನೆಯ ವಿದ್ಯುತ್ ಫ್ಯೂಸಿನಂತೆ ತಾನು ಹೋಗಿ ಗೇರನ್ನು ಉಳಿಸುತ್ತದೆ. ಸರಿಯಾದ ಪಿನ್ನು ಸಿಗದೆ ಗಟ್ಟಿಯಾದ ಉಕ್ಕಿನ ಮೊಳೆಯನ್ನು ತುರುಕಿದರೆ ದೋಣಿ ಓಡುತ್ತದೆ, ನಿಜ. ಮುಂದಿನ ಬಂಡೆಗೆ ಬಡಿದಾಗ ಮೊಳೆ ತುಂಡಾಗುವುದಿಲ್ಲ, ಗೇರಿನ ಹಲ್ಲು ಮುರಿಯುತ್ತದೆ.

ಗೇರಿನ ವಿಷಯದಲ್ಲಿ ನೀವು ಮಾಡಬಹುದಾದದ್ದು ಪರೀಕ್ಷೆ ಮಾತ್ರ. ಕೆಳಗಿನ ತಿರುಪು ಬಿಚ್ಚಿ ಸ್ವಲ್ಪ ಎಣ್ಣೆ ಹೊರಬಿಡಿ. ಅದು ಹಾಲಿನಂತೆ ಬೆಳ್ಳಗಿದ್ದರೆ ಒಳಕ್ಕೆ ನೀರು ಸೇರಿದೆ ಎಂದರ್ಥ. ಎಣ್ಣೆ ಬದಲಿಸಿದರೆ ಸಾಲದು, ಸೀಲು ಹೋಗಿದೆ. ಅದನ್ನು ಕೂರಿಸಿ, ಒತ್ತಡ ಕೊಟ್ಟು ಸೋರುವುದೇ ಎಂದು ನೋಡಲು ಬೇಕಾದ ಉಪಕರಣಗಳು ಮನೆಯಲ್ಲಿರುವುದಿಲ್ಲ. ಫ್ಲೈವೀಲ್ ಕಳಚುವುದು, ಇಗ್ನಿಷನ್ ಹೊಂದಿಸುವುದು, ಇತ್ತೀಚಿನ ಇಂಧನ ಇಂಜೆಕ್ಷನ್ ಎಂಜಿನ್‌ಗಳ ಎಲೆಕ್ಟ್ರಾನಿಕ್ ದೋಷ ಹುಡುಕುವುದು, ಇವೂ ಹಾಗೆಯೇ.

ಅಲೆಗೆ ಸಿಕ್ಕಿ ಎಂಜಿನ್ ಮುಳುಗಿದರೆ? ಇಲ್ಲಿ ಇಬ್ಬರಿಗೂ ಪಾಲಿದೆ. ಮೇಲೆತ್ತಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಪ್ಲಗ್ಗು ಬಿಚ್ಚಿ, ಹಗ್ಗವನ್ನು ಮೆಲ್ಲಗೆ ಎಳೆದು ಒಳಗಿನ ನೀರನ್ನು ಹೊರಹಾಕಬೇಕು. ಓಡುತ್ತಿರುವಾಗಲೇ ಮುಳುಗಿದ್ದು, ಹಗ್ಗ ಬಿಗಿ ಹಿಡಿದರೆ ಬಲವಂತ ಬೇಡ. ಒಳಗಿನ ರಾಡು ಬಾಗಿರಬಹುದು. ಅದೇ ದಿನ ಮೆಕ್ಯಾನಿಕ್ಕಿಗೆ ತಲುಪಿಸಬೇಕು. ನಾಳೆ ನೋಡೋಣ ಎಂದರೆ ಅಷ್ಟರಲ್ಲಿ ಬೇರಿಂಗುಗಳಿಗೆ ತುಕ್ಕು ಹಿಡಿಯತೊಡಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಎಂಜಿನ್ನಿನ ಅಲ್ಯೂಮಿನಿಯಂ ಕಾಲಿಗೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ, ಏಕೆ? ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಜೊತೆಗಿದ್ದರೆ ಅದೇ ಒಂದು ವಿದ್ಯುತ್ ಕೋಶ. ಅದರಲ್ಲಿ ಸತು ಮೊದಲು ಕರಗಿ ಉಳಿದ ಲೋಹವನ್ನು ಕಾಯುತ್ತದೆ. ನಿಮ್ಮ ಪಠ್ಯದ ಕ್ರಿಯಾಶೀಲತೆಯ ಶ್ರೇಣಿಯಲ್ಲಿ ಅಲ್ಯೂಮಿನಿಯಂ ಸತುವಿಗಿಂತ ಮೇಲಿದೆಯಲ್ಲ ಎಂದು ನೀವು ಕೇಳಬಹುದು. ಅಲ್ಯೂಮಿನಿಯಂ ಮೇಲಿನ ಆಕ್ಸೈಡಿನ ತೆಳುಪದರದಿಂದಾಗಿ ಸಮುದ್ರದ ನೀರಿನಲ್ಲಿ ಈ ಕ್ರಮ ಬದಲಾಗುತ್ತದೆ. ಸತು ಅರ್ಧ ಸವೆದಾಗ ನೀವೇ ಬದಲಿಸಬಹುದು. ಅಂದಕ್ಕೆಂದು ಅದರ ಮೇಲೆ ಬಣ್ಣ ಬಳಿಯಬೇಡಿ; ಬಳಿದರೆ ಅದು ಕೆಲಸ ಮಾಡದು.

ಫೈಬರ್ ದೋಣಿಯ ಸಣ್ಣ ಬಿರುಕಿಗೆ ತೇಪೆ ಹಾಕುವುದನ್ನು ಹಲವರು ತಾವೇ ಮಾಡುತ್ತಾರೆ. ಜಾಗ ಪೂರ್ತಿ ಒಣಗಿರಬೇಕು, ಉಜ್ಜಿ ಒರಟಾಗಿಸಿರಬೇಕು. ರೆಸಿನ್ನಿಗೆ ಬೆರೆಸುವ ಕೋಬಾಲ್ಟ್ ದ್ರವವನ್ನೂ ಅದನ್ನು ಗಟ್ಟಿಗೊಳಿಸುವ ಪೆರಾಕ್ಸೈಡನ್ನೂ ನೇರವಾಗಿ ಎಂದೂ ಒಂದಕ್ಕೊಂದು ಸೇರಿಸಬಾರದು, ಸ್ಫೋಟವಾದೀತು. ಒಂದನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿದ ನಂತರವೇ ಇನ್ನೊಂದು. ಬಿರುಕು ಅಡಿಯ ಬೆನ್ನೆಲುಬಿಗೆ ತಲುಪಿದ್ದರೆ ತೇಪೆಯ ಮಾತೇ ಬೇಡ, ದೋಣಿ ಕಟ್ಟುವವರನ್ನೇ ಕರೆಯಿರಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ರಿಪೇರಿಗೆ ಅದೇ ಸುಗ್ಗಿ. ಜುಲೈ ಕೊನೆಯ ವಾರದಲ್ಲಿ ಎಲ್ಲರೂ ಒಟ್ಟಿಗೆ ಮೆಕ್ಯಾನಿಕ್ಕಿನ ಮುಂದೆ ಸಾಲುಗಟ್ಟುತ್ತಾರೆ. ಅವನ ಕೈಗೆ ಹೋಗಬೇಕಾದದ್ದನ್ನು ಜೂನ್ ಮೊದಲ ವಾರದಲ್ಲೇ ಒಪ್ಪಿಸಿ, ಬಿಚ್ಚುವಾಗ ಪಕ್ಕದಲ್ಲಿ ಕುಳಿತು ನೋಡಿ.