ಶಾಸನಗಳ ಕ್ರಮಾಂಕವೂ ಯಂತ್ರವು ಕೊಡುವ ಸಂಖ್ಯೆಯೂ

ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಕ್ರಮಾಂಕಗಳನ್ನು ಕೊಟ್ಟಿರುವರು. ವಿದ್ವಾಂಸರ ಉಲ್ಲೇಖಗಳು ಇವನ್ನೇ ಆಶ್ರಯಿಸಿವೆ. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಕ್ರಮಾಂಕಗಳು ಬದಲಾದುದರಿಂದ, ಹಳೆಯದನ್ನು ಹೊಸತರೊಡನೆ ತಾಳೆನೋಡುವ ಶ್ರಮ ಓದುಗನ ಪಾಲಿಗೆ ಬಂದಿತು.

ಶಾಸನಗಳನ್ನು ಡೇಟಾಬೇಸಿಗೆ ಸೇರಿಸುವವರು ಈ ತೊಡಕನ್ನು ಮೊದಲೇ ನೆನೆಯುವುದು ಲೇಸು. ತುಮಕೂರು ಸೀಮೆಯ ವಳ್ಳೂರಿನಲ್ಲಿ ನಾಳೆ ಹೊಸ ಶಾಸನವೊಂದು ದೊರೆತರೆ, ಅದನ್ನು ಸೇರಿಸುವ ಜಾಲತಾಣದ ಪ್ರೋಗ್ರಾಮು ಕಡೆಯ ಸಂಖ್ಯೆಗೆ ತಾನೇ ಒಂದನ್ನು ಕೂಡಿಸತಕ್ಕದ್ದಲ್ಲ; ಅದೇ ಕ್ಷಣದಲ್ಲಿ ಮತ್ತೊಬ್ಬರೂ ಸೇರಿಸಿದರೆ ಎರಡು ಕಲ್ಲುಗಳಿಗೆ ಒಂದೇ ಸಂಖ್ಯೆಯಾದೀತು. ಸಂಖ್ಯೆಯನ್ನು ಡೇಟಾಬೇಸೇ ಕೊಡಬೇಕು. ಪ್ರೋಗ್ರಾಮು ತನ್ನ ಸಂಪರ್ಕದಲ್ಲಿಯೇ ಅದನ್ನು ಕೇಳಿ ಪಡೆದು, ಪಾಠ, ಪಡಿಯಚ್ಚುಗಳ ದಾಖಲೆಗಳಲ್ಲಿಯೂ ನಮೂದಿಸಬೇಕು. ರೈಸರ ಕ್ರಮಾಂಕವು ಬೇರೊಂದು ಅಂಕಣದಲ್ಲಿರಲಿ. ದಾಖಲೆಯೊಂದು ಅಳಿದಲ್ಲಿ ಅದರ ಸಂಖ್ಯೆ ಖಾಲಿಯುಳಿದರೂ ಬಾಧಕವಿಲ್ಲ.