ಜೀಪಿಗೆ ಹೆಚ್ಚಿನ ಪಾಟಾ ಹಾಕಿಸಿದಿರಾ? ನಟ್ಟು ನೋಡಿಕೊಳ್ಳಿ

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಹೊಲ. ಊರಿಂದ 3 ಕಿ.ಮೀ. ದಾರಿ, ನಡುವೆ ಒಂದು ಹಳ್ಳ. ಉಳಿದದ್ದೆಲ್ಲ ಕಲ್ಲು ಎದ್ದ ಬಂಡಿಜಾಡು. ಗೊಬ್ಬರ, ಶೇಂಗಾ ಚೀಲ, ನೀರಿನ ಡ್ರಮ್ಮು ಎಲ್ಲಕ್ಕೂ ಒಂದು ಹಳೇ ಡೀಸೆಲ್ ಜೀಪು. ಭಾರಕ್ಕೆ ಹಿಂಭಾಗ ಕುಸಿದು ಕೂರ್ತಿತ್ತು. 2018ರಲ್ಲಿ ಒಂದು ಗ್ಯಾರೇಜಿನಲ್ಲಿ ಹಿಂದಿನ ಎರಡೂ ಸ್ಪ್ರಿಂಗಿಗೆ ಒಂದೊಂದು ಹೆಚ್ಚಿನ ಪ್ಲೇಟು ಹಾಕಿಸಿದೆ. ನಮ್ಮ ಕಡೆ ಪಾಟಾ ಅಂತೀವಿ. ಜೀಪು ಎರಡು ಬೆರಳು ಎತ್ತರ ನಿಂತಿತು. ನನಗೋ ಖುಷಿ.

ತಿಂಗಳೊಳಗೆ ಬ್ರೇಕ್ ಹಾಕಿದಾಗೆಲ್ಲ ಹಿಂದೆ ಟಕ್ ಅನ್ನೋ ಸದ್ದು. ಮನೆಯಾಕೆ ಎರಡು ಸಲ ಹೇಳಿದಳು. "ಹಳೇ ಗಾಡಿ, ಸದ್ದು ಇದ್ದದ್ದೇ" ಅಂದೆ. ಒಂದು ಸಂಜೆ ಹಳ್ಳಕ್ಕೆ ಇಳಿಯುವಾಗ ಬ್ರೇಕ್ ಒತ್ತಿದ್ದೇ ತಡ, ಹಿಂಭಾಗ ಎಡಕ್ಕೆ ಸರಿದು ಬದುವಿಗೆ ಗುದ್ದಿತು. ಚೀಲದ ಮೇಲೆ ಕೂತಿದ್ದ ಆಕೆಯ ಮುಂಗೈ ಮುರೀತು. ಶೇಂಗಾ ಕೀಳುವ ಕಾಲದಲ್ಲಿ ಆರು ವಾರ ಕೈಗೆ ಕಟ್ಟು.

ಗಾಡಿ ಕೆಳಗೆ ತೂರಿ ನೋಡಿದೆ. ಪಾಟಾಗಳನ್ನು ಅಚ್ಚಿಗೆ ಕಟ್ಟುವ ಯೂ ಬೋಲ್ಟು ಒಂದು ಕಡೆಗೆ ಎರಡು, ನಟ್ಟು ನಾಲ್ಕು. ಎಡಗಡೆಯ ನಟ್ಟು ಬೆರಳಲ್ಲೇ ತಿರುಗುತ್ತಿದ್ದವು. ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಹಿಂದಕ್ಕೆ ಸರಿದಿತ್ತು. ಸೆಂಟರ್ ಬೋಲ್ಟಿನ ಕೆಲಸ ಅಚ್ಚಿನ ಜಾಗ ಗುರುತಿಸೋದಷ್ಟೇ. ಅಲುಗದಂತೆ ಹಿಡಿಯೋದು ಯೂ ಬೋಲ್ಟಿನ ಬಿಗಿ. ಪಾಟಾ ಹೆಚ್ಚಿ ಕಟ್ಟು ದಪ್ಪವಾಗಿದ್ರೂ ಹಳೇ ಯೂ ಬೋಲ್ಟನ್ನೇ ತಿರುಗಿ ಹಾಕಿದ್ದರು. ಅದು ಗಿಡ್ಡವಾಗಿ ನಟ್ಟಿಗೆ ಪೂರ್ತಿ ಥ್ರೆಡ್ಡೇ ಸಿಕ್ಕಿರಲಿಲ್ಲ.

ಡಿಪ್ಲೊಮಾ ಓದಿದ ಅಳಿಯ ಬಿಡಿಸಿ ಹೇಳಿದ. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಉದ್ದಕ್ಕೆ ಹಿಗ್ಗುತ್ತಂತೆ, ಆ ಸೆಳೆತವೇ ಒತ್ತಿ ಹಿಡಿಯೋದು. ಹುಲ್ಲಿನ ಬಂಡಿಗೆ ಹಗ್ಗ ಬಿಗಿದ ಹಾಗೆ. ದಾರೀಲಿ ಹುಲ್ಲು ಕುಳಿತರೆ ಗಂಟು ಬಿಚ್ಚದಿದ್ರೂ ಹಗ್ಗ ಜೋಲುತ್ತಲ್ಲ? ಪಾಟಾ ನಡುವಿನ ಬಣ್ಣ, ತುಕ್ಕು, ಮಣ್ಣು ಸವೆದು ಹಾಗೇ ಕೂರುತ್ತೆ. ಸೆಳೆತ ಹೋದ ಮೇಲೆ ಪಾಟಾ ಅಡ್ಡಡ್ಡ ಜಾರುತ್ತೆ, ಆ ಜಾರಾಟಕ್ಕೆ ನಟ್ಟು ತಾನೇ ತಿರುಗಿ ಬಿಚ್ಚುತ್ತೆ. ಜರ್ಮನಿಯ ಯುಂಕರ್ ಎಂಬ ಎಂಜಿನಿಯರು 1969ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದಾರಂತೆ. ಸ್ಪ್ರಿಂಗ್ ವಾಷರ್ ಇದೆಯಲ್ಲ ಅಂತ ನಂಬಿ ಕೂರಬೇಡಿ, ಈ ಜಾರಾಟಕ್ಕೆ ಅದು ತಡೆಯಲ್ಲ.

ಎರಡನೇ ಸಲ ನಾನೇ ಎದುರು ನಿಂತು ಮಾಡಿಸಿದೆ. ಪಾಟಾಗಳನ್ನು ಬಿಚ್ಚಿ ತಂತಿ ಬ್ರಷ್ಷಿನಲ್ಲಿ ತಿಕ್ಕಿಸಿದೆ. ಹೊಸ ಸೆಂಟರ್ ಬೋಲ್ಟು, ಉದ್ದ ಸರಿಯಿರುವ ಹೊಸ ಯೂ ಬೋಲ್ಟು, ಹೊಸ ನಟ್ಟು. ಸಾದಾ ಸರಳು ಬಗ್ಗಿಸಿ ಮಾಡಿದ ಯೂ ಬೋಲ್ಟು ಅಗ್ಗಕ್ಕೆ ಸಿಗುತ್ತೆ, ಬೇಡ. ಅದು ಎಳೆದುಕೊಂಡೇ ಹೋಗುತ್ತೆ. ಬಿಗಿದಾಗ ನಟ್ಟಿನಾಚೆ ಎರಡು ಮೂರು ಸುತ್ತು ಥ್ರೆಡ್ಡು ಕಾಣಬೇಕು. ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ನಾಲ್ಕೂ ನಟ್ಟನ್ನು ಮೂಲೆಗೆ ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿಸಿ, ಕೊನೆಗೆ ಟಾರ್ಕ್ ರೆಂಚ್ ಹಾಕಿಸಿದೆ. ಸ್ಪಾನರಿಗೆ ಪೈಪು ತೂರಿಸಿ ಜಗ್ಗಿದ್ರೆ ಬೋಲ್ಟೇ ಸಾಯುತ್ತೆ.

ಮೇಸ್ತ್ರಿ "ನಟ್ಟಿಗೊಂದು ವೆಲ್ಡಿಂಗ್ ಚುಕ್ಕೆ ಇಡ್ಲಾ?" ಅಂದ. ಬೇಡವೇ ಬೇಡ ಅಂದೆ. ಬೆಂಕಿಗೆ ಬಿದ್ದ ಕುಡುಗೋಲಿನ ಹಾಗೆ ಬೋಲ್ಟಿನ ಹದ ಕೆಡುತ್ತೆ, ಆಮೇಲೆ ಮತ್ತೆ ಬಿಗಿಯೋಕೂ ಆಗಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಭಾರ ಹೇರಿ 100 ಕಿ.ಮೀ. ಓಡಿಸಿ ಮತ್ತೆ ಬಿಗಿಸಿದೆ. ಎಡಗಡೆ ಕಾಲು ಸುತ್ತು ತಗೊಂಡಿತು! ಆಮೇಲೆ ನಟ್ಟಿಂದ ಬೋಲ್ಟಿನ ತನಕ ಸೊಸೆಯ ಉಗುರುಬಣ್ಣದಲ್ಲಿ ಗೆರೆ ಎಳೆದೆ. ಮನೆಯಲ್ಲಿ ನಕ್ಕರು. ನಟ್ಟು ತಿರುಗಿದರೆ ಗೆರೆ ಮುರಿಯುತ್ತೆ, ಸ್ಪಾನರೇ ಬೇಡ. ಆದರೆ ಗೆರೆ ನೆಟ್ಟಗಿದ್ದೂ ಬಿಗಿ ಕಡಿಮೆಯಾಗಿರಬಹುದು. ಪಾಟಾ ಸಂದಿಯಲ್ಲಿ ಕೆಂಪು ತುಕ್ಕಿನ ಪುಡಿ, ತಿಕ್ಕಿ ಹೊಳೆಯುವ ಗುರುತು ಕಂಡರೆ ಸ್ಪಾನರ್ ಹಾಕಲೇಬೇಕು.

ಅಮಾವಾಸ್ಯೆ ದಿನ ನಮ್ಮಲ್ಲಿ ಎತ್ತು ಹೂಡಲ್ಲ. ಆವತ್ತು ಗೋಣಿಚೀಲ ಹಾಸಿ ಜೀಪಿನ ಕೆಳಗೆ ಮಲಗ್ತೀನಿ. ಕಳೆದ ಮುಂಗಾರಿನಲ್ಲಿ ಬಲಗಡೆ ಒಂದು ಗೆರೆ ಮುರಿದಿತ್ತು. ಬಿತ್ತನೆ ಬೀಜ ಹೇರಿ ಆಗಿತ್ತು. ಇಳಿಸಿ, ಬಿಗಿಸಿಯೇ ಹೊರಟೆ. ಮನೆಯಾಕೆ ಈಗ ಹತ್ತೋ ಮುಂಚೆ ತಾನೇ ಬಗ್ಗಿ ನೋಡ್ತಾಳೆ.