ಸ್ಥೂಲಕಾಯದ ಮಕ್ಕಳು, ಆಟ ಮತ್ತು ಟೆಲಿವಿಷನ್: ಕೆಲವು ಪ್ರಯೋಗಗಳ ಪರಾಮರ್ಶೆ

ಮೈತೂಕ ಮಿತಿಮೀರಿದ ಮಕ್ಕಳನ್ನು ಆಟಪಾಟಗಳಿಗೆ ಹಚ್ಚುವುದು ಹೇಗೆ, ಟೆಲಿವಿಷನ್ನಿನ ಮುಂದೆ ಅವರು ಕಳೆಯುವ ಕಾಲವನ್ನು ತಗ್ಗಿಸುವುದು ಹೇಗೆ ಎಂಬ ಪ್ರಶ್ನೆ ವೈದ್ಯರಿಗೂ ತಾಯಿತಂದೆಗಳಿಗೂ ಸೇರಿದ್ದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಇತಿಹಾಸದ ಅಧ್ಯಾಪಕರಾದ ನಾವು ಅದನ್ನು ಕೈಗೆತ್ತಿಕೊಂಡುದಕ್ಕೆ ಕಾರಣವುಂಟು. ಈ ವಿಷಯದಲ್ಲಿ ಜನಜನಿತವಾದ ನಂಬಿಕೆಗೂ, ಕಳೆದ ಆರೇಳು ದಶಕಗಳ ಪ್ರಯೋಗಗಳು ಬಿಟ್ಟುಹೋಗಿರುವ ದಾಖಲೆಗೂ ಸಾಕಷ್ಟು ಅಂತರವಿದೆ. ಟೆಲಿವಿಷನ್ ಆರಿಸಿದೊಡನೆ ಮಗು ತಾನಾಗಿ ಅಂಗಳಕ್ಕೆ ಓಡುತ್ತದೆ, ಓಡಿದರೆ ಮೈ ಕರಗುತ್ತದೆ ಎಂಬುದು ನಂಬಿಕೆ. ದಾಖಲೆ ಹೇಳುವುದು ಬೇರೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಪೋಷಣಶಾಸ್ತ್ರಜ್ಞ ಜೀನ್ ಮೇಯರ್ ಅವರೂ ಸಹೋದ್ಯೋಗಿಗಳೂ 1956ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಪ್ರೌಢಶಾಲೆಯ ಸ್ಥೂಲಕಾಯದ ಬಾಲಿಕೆಯರು ಉಳಿದವರಿಗಿಂತ ಹೆಚ್ಚು ತಿನ್ನುತ್ತಿರಲಿಲ್ಲ, ಕಡಿಮೆ ಚಲಿಸುತ್ತಿದ್ದರು ಎಂಬುದು ಅದರ ಸಾರ. ಊಟದ ಲೆಕ್ಕವನ್ನು ಉಂಡವರ ಬಾಯಿಂದಲೇ ಪಡೆದಾಗ ಅದನ್ನು ಪೂರ್ತಿಯಾಗಿ ನಂಬಲಾಗದು. ಶಾಸನವನ್ನು ಬರೆಸಿದ ಅರಸನ ಪರಾಕ್ರಮವನ್ನು ಶಾಸನದಿಂದಲೇ ನಿರ್ಣಯಿಸುವುದಕ್ಕೆ ಇದು ಸಮಾನ. ಆದರೆ 1964ರಲ್ಲಿ ಅದೇ ತಂಡ ಬೇರೊಂದು ಸಾಕ್ಷ್ಯವನ್ನು ಒದಗಿಸಿತು. ಬೇಸಿಗೆಯ ಶಿಬಿರದಲ್ಲಿ ಈಜು, ವಾಲಿಬಾಲ್, ಟೆನಿಸ್ ಆಡುತ್ತಿದ್ದ ಬಾಲಿಕೆಯರನ್ನು ಆಗಾಗ ಚಲನಚಿತ್ರದಲ್ಲಿ ಸೆರೆಹಿಡಿದು ನೋಡಲಾಗಿ, ಸ್ಥೂಲಕಾಯದವರು ಆಟದ ಬಹುಪಾಲು ಕಾಲವನ್ನು ನಿಂತೇ ಕಳೆಯುತ್ತಿದ್ದುದು ಕಂಡುಬಂದಿತು. ಮಗುವನ್ನು ಮೈದಾನಕ್ಕೆ ಕಳುಹಿಸಿದ ಮಾತ್ರಕ್ಕೆ ಅದು ಆಡಿತೆಂದು ಹೇಳುವಂತಿಲ್ಲ.

ಟೆಲಿವಿಷನ್ ಈ ಚರ್ಚೆಯೊಳಕ್ಕೆ ಬಂದುದು 1985ರಲ್ಲಿ. ವಿಲಿಯಂ ಡೀಟ್ಸ್ ಮತ್ತು ಸ್ಟೀವನ್ ಗಾರ್ಟ್‌ಮೇಕರ್ ಎಂಬ ವಿದ್ವಾಂಸರು 1960ರ ದಶಕದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಗಳನ್ನು ಮರಳಿ ಪರಿಶೀಲಿಸಿದರು. 12ರಿಂದ 17 ವರ್ಷದವರಲ್ಲಿ ದಿನವಹಿ ವೀಕ್ಷಣೆ ಒಂದು ಗಂಟೆ ಹೆಚ್ಚಿದಂತೆ ಸ್ಥೂಲಕಾಯದವರ ಪ್ರಮಾಣ ಶೇಕಡ 2ರಷ್ಟು ಏರುತ್ತಿದ್ದಿತು. ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದುವೆಂದು ಒಂದು ಮತ್ತೊಂದಕ್ಕೆ ಕಾರಣವಾಗಲಾರದು. ಕಾರಣವನ್ನು ಸ್ಥಾಪಿಸಲು ಪ್ರಯೋಗವೇ ಬೇಕಾಗಿದ್ದಿತು.

ಆ ಪ್ರಯೋಗವನ್ನು ತುಸು ವಿವರವಾಗಿ ಹೇಳುವುದು ಯುಕ್ತ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ರಾಬಿನ್ಸನ್ ಅವರು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದ ಎರಡು ಶಾಲೆಗಳನ್ನು ಆರಿಸಿಕೊಂಡರು. ಮೂರನೆಯ ಮತ್ತು ನಾಲ್ಕನೆಯ ತರಗತಿಯ 192 ಮಕ್ಕಳು ಇದರಲ್ಲಿದ್ದರು, ಸ್ಥೂಲಕಾಯದವರನ್ನು ಬೇರ್ಪಡಿಸಲಿಲ್ಲ. ಒಂದು ಶಾಲೆಯಲ್ಲಿ ಆರು ತಿಂಗಳ ಅವಧಿಯಲ್ಲಿ 18 ಪಾಠಗಳನ್ನು ತರಗತಿಯ ಉಪಾಧ್ಯಾಯರೇ ನಡೆಸಿದರು. ಮೊದಲು ತಾವೆಷ್ಟು ನೋಡುತ್ತೇವೆಂಬುದನ್ನು ಮಕ್ಕಳೇ ಬರೆದಿಟ್ಟರು. ಅನಂತರ ಹತ್ತು ದಿನ ಟೆಲಿವಿಷನ್, ವಿಡಿಯೊ, ವಿಡಿಯೊ ಆಟಗಳನ್ನು ಪೂರ್ತಿಯಾಗಿ ಬಿಡುವ ಪಂಥ. ತರುವಾಯ ವಾರಕ್ಕೆ ಏಳು ಗಂಟೆಗಳ ಮಿತವ್ಯಯ. ಯಾವ ಕಾರ್ಯಕ್ರಮಕ್ಕೆ ಅದನ್ನು ವೆಚ್ಚಮಾಡಬೇಕೆಂಬ ಆಯ್ಕೆ ಮಗುವಿನದು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಸೂಚ್ಯಂಕ ಪಾಠ ನಡೆದ ಶಾಲೆಯಲ್ಲಿ 18.38ರಿಂದ 18.67ಕ್ಕೆ, ಇನ್ನೊಂದು ಶಾಲೆಯಲ್ಲಿ 18.10ರಿಂದ 18.81ಕ್ಕೆ ಏರಿದ್ದಿತು. ವಾಚಕರು ಗಮನಿಸಬೇಕು: ಎರಡೂ ಕಡೆ ಏರಿಕೆಯೇ. ಬೆಳೆಯುವ ಮಕ್ಕಳಲ್ಲಿ ಸೂಚ್ಯಂಕ ವಯಸ್ಸಿನೊಂದಿಗೆ ಏರುವುದು ಸಹಜ. ಇಲ್ಲಿ ಸಾಧಿಸಿದ್ದು ಏರಿಕೆಯ ವೇಗದ ತಗ್ಗುವಿಕೆ. ವಾರವಾರವೂ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನಿರಾಶರಾಗುವ ಹಿರಿಯರಿಗೆ ಈ ಅಂಶ ತಿಳಿದಿದ್ದರೆ ಮಕ್ಕಳಿಗೆ ಎಷ್ಟೋ ಕಣ್ಣೀರು ಉಳಿಯುತ್ತಿದ್ದಿತು.

ಇನ್ನೂ ಮುಖ್ಯವಾದುದೊಂದಿದೆ. ಟೆಲಿವಿಷನ್ ನೋಡುವುದು ಕಡಿಮೆಯಾದರೂ ಆ ಮಕ್ಕಳ ಓಡಾಟ ಎಣಿಕೆಗೆ ಸಿಕ್ಕುವಷ್ಟು ಹೆಚ್ಚಲಿಲ್ಲ. ಕಡಿಮೆಯಾದುದು ಟೆಲಿವಿಷನ್ನಿನ ಮುಂದೆ ಕುಳಿತು ಮಾಡುವ ಊಟಗಳ ಸಂಖ್ಯೆ. ಬಫಲೊ ನಗರದಲ್ಲಿ ಲೆನಾರ್ಡ್ ಎಪ್ಸ್ಟೀನ್ ಅವರು 4ರಿಂದ 7 ವರ್ಷದ 70 ಮಕ್ಕಳ ಮನೆಗಳಲ್ಲಿ ಕಾಲಮಿತಿಯ ಯಂತ್ರವನ್ನಳವಡಿಸಿ ನಡೆಸಿ, 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಇದೇ ಬಗೆ: ತಿನ್ನುವುದು ತಗ್ಗಿತು, ಚಟುವಟಿಕೆ ಬದಲಾಗಲಿಲ್ಲ. ಅಂದಮೇಲೆ ಟೆಲಿವಿಷನ್ನನ್ನು ತಗ್ಗಿಸುವುದು ಒಂದು ಕಾರ್ಯ, ಆಟವನ್ನು ಒದಗಿಸುವುದು ಇನ್ನೊಂದು. ಮೊದಲನೆಯದು ನಡೆದರೆ ಎರಡನೆಯದೂ ನಡೆದಂತೆಯೇ ಎಂದೆಣಿಸುವುದು ತಪ್ಪು.

ಒತ್ತಾಯದ ವಿಷಯದಲ್ಲಿಯೂ ಎಪ್ಸ್ಟೀನ್ ಅವರ 1995ರ ಪ್ರಯೋಗ ಬೋಧಪ್ರದ. 8ರಿಂದ 12 ವರ್ಷದ ಸ್ಥೂಲಕಾಯದ ಮಕ್ಕಳುಳ್ಳ 61 ಕುಟುಂಬಗಳಲ್ಲಿ ಒಂದು ಗುಂಪಿನವರಿಗೆ ವ್ಯಾಯಾಮ ಮಾಡಿದುದಕ್ಕೆ, ಇನ್ನೊಂದು ಗುಂಪಿನವರಿಗೆ ಕುಳಿತ ಕಾಲವನ್ನು ಕಡಿಮೆಮಾಡಿದುದಕ್ಕೆ, ಮೂರನೆಯ ಗುಂಪಿನವರಿಗೆ ಎರಡಕ್ಕೂ ಮೆಚ್ಚುಗೆ, ಬಹುಮಾನ. ಒಂದು ವರ್ಷದ ತರುವಾಯ ಮಿತಿಮೀರಿದ ತೂಕದ ಶೇಕಡಾಂಶ ವ್ಯಾಯಾಮದ ಗುಂಪಿನಲ್ಲಿ 8.7ರಷ್ಟೂ, ಎರಡನೆಯ ಗುಂಪಿನಲ್ಲಿ 18.7ರಷ್ಟೂ ಇಳಿದಿದ್ದಿತು. ಬಿಡುವಾದ ಕಾಲವನ್ನು ಹೇಗೆ ಕಳೆಯಬೇಕೆಂದು ಈ ಎರಡನೆಯವರಿಗೆ ಯಾರೂ ವಿಧಿಸಿರಲಿಲ್ಲ. ಶ್ರಮದ ಆಟಗಳ ಮೇಲಣ ಅವರ ಒಲವೂ ಹೆಚ್ಚಿದ್ದಿತು.

ಈ ಮಿತಿಯ ಮಾತು ನಮ್ಮ ನಾಡಿಗೂ ಅಪರಿಚಿತವಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟೆಲಿವಿಷನ್ ತಲುಪಿದಾಗ ಅವುಗಳಲ್ಲಿ ಕರ್ನಾಟಕವೂ ಒಂದು. ಊರಿಗೊಂದು ಪೆಟ್ಟಿಗೆ, ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ, ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಪ್ರಸಾರ ಮುಗಿದರೆ ಎಲ್ಲರೂ ಏಳಲೇಬೇಕು. 1991ರ ಅನಂತರ ಉಪಗ್ರಹ ವಾಹಿನಿಗಳೂ, ಈಚೆಗೆ ಅಂಗೈಯ ಫೋನೂ ಬಂದು ಆ ಮಿತಿ ಅಳಿದುಹೋಯಿತು. ಪ್ರಸಾರದವರು ಇಡುತ್ತಿದ್ದ ಮಿತಿಯನ್ನು ಈಗ ಮನೆಯವರು ಇಡಬೇಕಾಗಿದೆ. ವಾರಕ್ಕೆ ಏಳು ಗಂಟೆ ಎಂಬ ಗೊತ್ತುಪಾಡು ಹಳೆಯ ಸ್ಥಿತಿಯ ಕೃತಕ ಪುನಃಸ್ಥಾಪನೆಯೇ. ತಟ್ಟೆಯನ್ನು ಟೆಲಿವಿಷನ್ನಿನ ಮುಂದೆ ಒಯ್ಯಬಾರದೆಂಬ ಕಟ್ಟುಪಾಡನ್ನು ಮೊದಲು ತಂದರೆ, ಮೇಲಣ ದಾಖಲೆಗಳಂತೆ, ಅದೇ ಹೆಚ್ಚು ಫಲಕಾರಿಯಾದೀತು.

ಆಟದ ಮಾತಿಗೆ ಬರೋಣ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ದಪ್ಪನೆಯ ಮಗುವಿಗೆ ಓಟದ ಪಂದ್ಯವನ್ನು ಹೇಳಿ ಆರಂಭಿಸುವುದೆಂದರೆ ಅದನ್ನು ಕಡೆಯವನಾಗಿ ನಿಲ್ಲಿಸಿ ನಾಲ್ವರ ಮುಂದೆ ನಗೆಗೀಡುಮಾಡುವುದು. ಅಂಥ ಮಗು ಮರುದಿನ ಹೊಟ್ಟೆನೋವಿನ ನೆಪ ಹೇಳಿದರೆ ಆಶ್ಚರ್ಯವಿಲ್ಲ. ಲಗೋರಿಯಲ್ಲಿ ಗುರಿಗೆ ಬೆಲೆಯುಂಟು, ಚಿನ್ನಿದಾಂಡಿನಲ್ಲಿ ತೋಳಿಗೆ. ನಡುನಡುವೆ ದಣಿವಾರಿಸಿಕೊಳ್ಳಲು ಅವಕಾಶವೂ ಉಂಟು. ಇವುಗಳಿಗೆ ಬೇಕಾದ ಬಯಲು ನಮ್ಮ ನಗರಗಳಲ್ಲಿ ಉಳಿದಿದೆಯೆ ಎಂಬುದು ಪೌರಸಭೆಗಳನ್ನು ಕೇಳತಕ್ಕ ಪ್ರಶ್ನೆ. ಬಯಲಿಲ್ಲದ ಮಗುವಿಗೆ ಶಾಲೆಗೆ ನಡೆದು ಹೋಗುವುದೂ ಚಟುವಟಿಕೆಯೇ.

ಮಗುವಿನ ತೂಕ ನಿಜವಾಗಿ ಮಿತಿಮೀರಿದೆಯೆ ಎಂಬುದನ್ನು ಕಣ್ಣಳತೆಯಿಂದ ಹೇಳದೆ, ಭಾರತೀಯ ಶಿಶುವೈದ್ಯರ ಅಕಾಡೆಮಿ 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಗಳನ್ನು ನೋಡಿ ವೈದ್ಯರೇ ನಿರ್ಣಯಿಸಬೇಕು.

ಎಪ್ಸ್ಟೀನ್ ಅವರ ತಂಡ 1990ರಲ್ಲಿ ಪ್ರಕಟಿಸಿದ ಹತ್ತು ವರ್ಷಗಳ ಅನ್ವೇಷಣೆಯೊಂದು ಉಳಿದಿದೆ. ಮಗುವಿನೊಂದಿಗೆ ತಾಯಿ ಅಥವಾ ತಂದೆಯೂ ತಮ್ಮ ಅಭ್ಯಾಸಗಳನ್ನು ತಿದ್ದಿಕೊಂಡರೆ ಬಹುಮಾನ ದೊರೆಯುತ್ತಿದ್ದ ಗುಂಪಿನಲ್ಲಿ, ಹತ್ತು ವರ್ಷಗಳಾದ ಮೇಲೂ ಮಕ್ಕಳ ಮಿತಿಮೀರಿದ ತೂಕದ ಶೇಕಡಾಂಶ ಆರಂಭಕ್ಕಿಂತ 7.5ರಷ್ಟು ಕೆಳಗಿದ್ದಿತು. ಬಹುಮಾನವು ನಡತೆಯ ತಿದ್ದುಪಡಿಗೆ ತಗುಲಿಕೊಂಡಿರದೆ, ಬರಿಯ ಹಾಜರಿಗಾಗಿ ಸಿಕ್ಕುತ್ತಿದ್ದ ಗುಂಪಿನಲ್ಲಿ ಅದು 14.3ರಷ್ಟು ಮೇಲಕ್ಕೇರಿದ್ದಿತು. ಅಪ್ಪನ ರಾತ್ರಿಯ ವಾರ್ತೆಗಳೂ ಅಜ್ಜಿಯ ಧಾರಾವಾಹಿಯೂ ಆ ವಾರದ ಲೆಕ್ಕದೊಳಗೆ ಸೇರತಕ್ಕವು.